ಮಾವನ ಬೆನ್ನು, ಕುರ್ಚಿಯ ಬೆನ್ನು

ಅಳತೆ ಟೇಪನ್ನು ಕಂಡುಹಿಡಿದ ಮಹಾನುಭಾವನಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಇರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನನಗೆ ಇದೆ. ನಾನು ಪೇಂಟ್ ಅಂಗಡಿಯಲ್ಲಿ ಬಣ್ಣ ಕಲಸುವವನು. ಗಿರಾಕಿ ಬಂದು, "ಪಕ್ಕದ ಮನೆ ಗೋಡೆಗಿಂತ ನಮ್ಮದು ಚೆನ್ನಾಗಿರ್ಬೇಕು, ಆದ್ರೆ ನೋಡಿ ಮಾಡಿದ್ದು ಅಂತ ಗೊತ್ತಾಗ್ಬಾರ್ದು" ಎಂದರೆ ಸಾಕು, ಡಬ್ಬಿಗೆ ಒಂದಿಷ್ಟು ಹಳದಿ ಸುರಿದು, ಒಂದು ತೊಟ್ಟು ಕಪ್ಪು ಬಿಟ್ಟು, ಕೋಲು ಆಡಿಸಿ ಕೊಟ್ಟುಬಿಡುತ್ತೇನೆ. ಚೀಟಿ ಇಲ್ಲ, ಲೆಕ್ಕ ಇಲ್ಲ. ಅಂಥವನ ಕೈಗೆ ಹೆಣಿಗೆ ಕಡ್ಡಿ ಸಿಕ್ಕರೆ ಏನಾಗಬಹುದು, ನೀವೇ ಊಹಿಸಿ. (ನನ್ನ ಹೆಂಡತಿ ಊಹಿಸಿದ್ದಳು. ಅದಕ್ಕೇ ಇಷ್ಟು ವರ್ಷ ಕೊಟ್ಟಿರಲಿಲ್ಲ.)

ನಮ್ಮ ಮನೆಯಲ್ಲಿ ಹೆಣಿಗೆ ಅವಳ ಸಾಮ್ರಾಜ್ಯ. ಪುಸ್ತಕದ ನಮೂನೆ ಎದುರಿಗಿಟ್ಟುಕೊಂಡು, ಕುಣಿಕೆ ಎಣಿಸುತ್ತ, ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಕಣ್ಣಲ್ಲೇ ಸುಟ್ಟು, ಮತ್ತೆ ಮೊದಲಿಂದ ಎಣಿಸುತ್ತಾಳೆ. ದೊಡ್ಡವರ ಸ್ವೆಟರೆಂದರೆ ಒಂದೇ ಬಣ್ಣ. ಅದು ಬೂದಿ, ಇಲ್ಲವೇ ಕಂದು. ತೀರಾ ಖುಷಿಯಾಗಿದ್ದ ವರ್ಷ ಬೂದಿಗೂ ಕಂದಿಗೂ ನಡುವಿನ ಇನ್ನೊಂದು. ಬಣ್ಣದಲ್ಲೇ ಅನ್ನ ಹುಟ್ಟಿಸುವವನ ಹೆಂಡತಿ ಹೀಗೆ ಮಾಡಬಹುದೇ?

ಈ ಸಲ ಚಳಿ ಶುರುವಾದಾಗ ಕಂಬಳಿ ತೆಗೆಯಲೆಂದು ಬೀರುವಿನ ಮೇಲಿದ್ದ ಪೆಟ್ಟಿಗೆಗೆ ಕೈ ಹಾಕಿದೆ. ಪೆಟ್ಟಿಗೆ ಅಲ್ಲಾಡಲಿಲ್ಲ, ಅದರ ಪಕ್ಕದ ಚೀಲ ನನ್ನ ತಲೆ ಮೇಲೆ ಬಿತ್ತು. ಒಳಗಿನಿಂದ ಉಣ್ಣೆ ದಾರದ ಚೂರುಗಳು ಸುರಿದವು. ಕೆಂಪು, ನೇರಳೆ, ಗಿಳಿ ಹಸಿರು, ಕಿತ್ತಳೆ, ನವಿಲು ನೀಲಿ! ಓಣಿಯ ಮಕ್ಕಳಿಗೆಲ್ಲ ಅವಳು ಹೆಣೆದುಕೊಟ್ಟ ಟೋಪಿ, ಕಾಲುಚೀಲಗಳ ಉಳಿಕೆ.

"ಇಷ್ಟು ಬಣ್ಣ ಬಚ್ಚಿಟ್ಕೊಂಡು ನನಗೆ ಬೂದಿ ಸ್ವೆಟರ್ ಹಾಕಿಸ್ತೀಯಲ್ಲೇ!" ಎಂದೆ.

"ಚೂರು ಕಣ್ರೀ ಅವು. ಒಂದೊಂದೂ ಮೊಳ, ಎರಡು ಮೊಳ. ಏನಾಗತ್ತೆ ಅದರಲ್ಲಿ?"

"ಏನಾಗತ್ತಾ? ನೋಡ್ತಿರು."

ಎಲ್ಲ ಚೂರುಗಳನ್ನೂ ತುದಿಗೆ ತುದಿ ಗಂಟು ಹಾಕಿ ಒಂದೇ ಉಂಡೆ ಸುತ್ತಿದೆ. ಬಣ್ಣ ಆರಿಸುವಂತಿಲ್ಲ, ಉಂಡೆಯಿಂದ ಏನು ಬರುತ್ತದೋ ಅದು. ಇದು ನನ್ನ ಸ್ವಂತ ಸಿದ್ಧಾಂತ. ಹೆಂಡತಿ ದಮ್ಮಯ್ಯ ಹಾಕಿಸಿಕೊಂಡ ಮೇಲೆ ಸೀದಾ ಹಾಕುವುದು, ಉಲ್ಟಾ ಹಾಕುವುದು, ಎರಡನ್ನೂ ಹೇಳಿಕೊಟ್ಟಳು. ಮಿಕ್ಕಿದ್ದಕ್ಕೆ ಪ್ರತಿಭೆ ಇತ್ತು. ಮೊದಲಿಗೆ ಒಂದು ಮಫ್ಲರ್ ಬಂತು. ಅದನ್ನು ಕಟ್ಟಿಕೊಂಡು ಅಂಗಡಿಗೆ ಹೋದರೆ ನಮ್ಮ ಯಜಮಾನರು ಬೆರಗಾಗಿ, "ಇದೇನ್ರೀ, ನಮ್ಮ ಬಣ್ಣದ ಕಾರ್ಡು ಕೊರಳಿಗೆ ಹಾಕ್ಕೊಂಡ್ ಬಂದ್ಬಿಟ್ರಾ?" ಎಂದರು. ಆ ದಿನ ಅದನ್ನೇ ತೋರಿಸಿ ಒಬ್ಬರ ಅಡುಗೆಮನೆಗೆ ಬಣ್ಣ ಕೂಡ ಗೊತ್ತುಮಾಡಿದೆವು. ನನಗೆ ಆಕಾಶಕ್ಕೆ ಮೂರೇ ಗೇಣು.

ಮೂರು ಗೇಣಿನ ಆ ಎತ್ತರದಿಂದ ನೋಡಿದಾಗ ನನಗೆ ಕಾಣಿಸಿದ್ದು ಮಾವ.

ಹೆಣ್ಣು ಕೊಟ್ಟ ಮಾವ ದರ್ಜಿ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಟೇಪು ಇನ್ನೂ ಕೊರಳಲ್ಲಿದೆ. ನನ್ನ ಮದುವೆಯ ದಿನ, ಬೇರೆ ಕಡೆ ಹೊಲಿಸಿದ ಕೋಟು ಹಾಕಿಕೊಂಡು ಮಾವನ ಕಾಲು ಮುಟ್ಟಿದಾಗ ಅವರು ಹರಸುವ ಮೊದಲು ಹೇಳಿದ್ದು, "ಎಡ ಭುಜ ಇಳಿದಿದೆ" ಎಂದು. ಅಂದಿನಿಂದ ಇಂದಿನವರೆಗೂ ಅವರ ಕಣ್ಣಿಗೆ ನಾನು ಭುಜ ಇಳಿದ ಅಳಿಯನೇ. ಚೆನ್ನಾಗಿ ಹೊಲಿದ ಬಟ್ಟೆ ಕಂಡರೆ ಮಾತ್ರ ಅವರ ಬಾಯಿಂದ "ಭೇಷ್" ಎಂಬ ಮಾತು ಬರುತ್ತದೆ. ಬಸ್ಸಿನಲ್ಲಿ ಗುರುತಿಲ್ಲದವರ ಅಂಗಿಯ ಕಾಲರಿಗೂ ಭೇಷ್ ಅಂದಿದ್ದಾರೆ. ನನಗೆ ಒಂದು ಸಲವೂ ಇಲ್ಲ. ನಗಬೇಡಿ, ನನಗೆ ಅದು ಬೇಕಿತ್ತು. ನಡುವಯಸ್ಸು ದಾಟಿದರೂ ಬೇಕಿತ್ತು. ಮಾವ ಎರಡು ವಾರ ಇರಲು ಬರುವವರಿದ್ದರು. ಅಷ್ಟರೊಳಗೆ ಅವರಿಗೊಂದು ಸ್ವೆಟರ್ ಹೆಣೆದು, ಅವರ ಬಾಯಿಂದಲೇ ಭೇಷ್ ಅನ್ನಿಸಿಕೊಳ್ಳಬೇಕೆಂದು ಪಣ ತೊಟ್ಟೆ.

"ಅಳತೆ?" ಎಂದಳು ಹೆಂಡತಿ.

"ಅವರಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಏನು ಸ್ವಾರಸ್ಯ?"

"ಮತ್ತೆ ಹೇಗೆ?"

ನಾನು ಊಟದ ಮೇಜಿನ ಕೊನೆಯ ಕುರ್ಚಿ ತೋರಿಸಿದೆ. ಎತ್ತರದ ಮರದ ಬೆನ್ನು, ಕೈ ಇಲ್ಲ, ಬೆನ್ನಿನ ತುದಿಯ ನಡುವೆ ಕಡೆದ ಒಂದು ಗುಂಡು. ಮಾವ ಬಂದಾಗಲೆಲ್ಲ ಅದರಲ್ಲೇ ಕೂರುವುದು. ಕೂತರೆ ಹಿಂದಿನಿಂದ ನೋಡುವವರಿಗೆ ಮಾವನ ಬೆನ್ನೂ ಕುರ್ಚಿಯ ಬೆನ್ನೂ ಒಂದರ ಮೇಲೊಂದು ಬರೆದಂತೆ ಕೂಡುತ್ತವೆ. ಇದು ನಾನೇ ಕಂಡುಹಿಡಿದ ಸತ್ಯ. ಮಾವನ ಎದುರಿಗಿಂತ ಹಿಂದೆ ನಿಂತೇ ನನಗೆ ರೂಢಿ.

"ಅಪ್ಪನಿಗೆ ಹೊಟ್ಟೆ ಇದೆ ಕಣ್ರೀ. ಕುರ್ಚಿಗೆ ಇಲ್ಲ."

"ಉಣ್ಣೆ ಹಿಗ್ಗತ್ತೆ."

"ಅಪ್ಪನ ಹೊಟ್ಟೆ ಕುಗ್ಗಲ್ಲ."

"ನಿನ್ನದು ಪುಸ್ತಕದ ಬದನೆಕಾಯಿ. ನನ್ನದು ಕೈಯ ಅಂದಾಜು," ಎಂದೆ. ಅವಳು ತನ್ನ ಕಡ್ಡಿ ಎತ್ತಿಕೊಂಡು ಎದ್ದುಹೋದಳು. ಸೋತಳು ಎಂದುಕೊಂಡೆ. ಬೇಕಿದ್ದರೆ ಟೇಪು ಕೊಡುತ್ತೇನೆಂದು ಒಂದೆರಡು ಸಲ ಹೇಳಿ, ಆಮೇಲೆ ಮೂಲೆಯಲ್ಲಿ ಕೂತು ತನ್ನ ಪಾಡಿಗೆ ತಾನು ಏನನ್ನೋ ಹೆಣೆಯುತ್ತಿದ್ದಳು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅದನ್ನು ಬಿಟ್ಟು ಬೇರೆಯವರ ಮೊಲ ನೋಡಲು ನನಗೆಲ್ಲಿ ಪುರುಸೊತ್ತು?

ಕೆಲಸ ಸಾಗಿದ್ದನ್ನು ನೀವು ನೋಡಬೇಕಿತ್ತು. ನಾಲ್ಕು ಸಾಲು ಹೆಣೆಯುವುದು, ಕುರ್ಚಿಯ ಬೆನ್ನಿಗೆ ಹಿಡಿದು ನೋಡುವುದು. ಸೊಂಟದ ಹತ್ತಿರ ಕಿತ್ತಳೆ ಬಂದು, ಥಟ್ಟನೆ ನೇರಳೆಗೆ ತಿರುಗಿ, ಎದೆಯ ಮೇಲೆ ಹಳದಿ ಹಾದು ಹೋಯಿತು. ಒಂದು ಕಡೆ ಗುಲಾಬಿ ಬಣ್ಣ ಅರ್ಧ ಸಾಲಿಗೇ ಮುಗಿದು ಹಸಿರು ಹಾಜರಾದಾಗ ನನಗೇ ರೋಮಾಂಚನ. ಇಂಥ ಧೈರ್ಯ ಯಾವ ಪುಸ್ತಕಕ್ಕಿದೆ? ಮುಂದಿನ ಹಾಳೆ, ಹಿಂದಿನ ಹಾಳೆ ಎರಡನ್ನೂ ಕೂಡಿಸಿ ಹೊಲಿದು, ಕತ್ತಿಗೆ ಜಾಗ ಬಿಟ್ಟು ಕುರ್ಚಿಗೆ ತೊಡಿಸಿದರೆ, ಆ ಕಡೆದ ಗುಂಡು ಕತ್ತಿನಿಂದ ಸರಿಯಾಗಿ ತಲೆ ಹೊರಗೆ ಹಾಕಿತು. ಇನ್ನು ತೋಳು. ಕುರ್ಚಿಗೆ ತೋಳಿಲ್ಲದ ಕಾರಣ ಅಲ್ಲಿ ಸ್ವಲ್ಪ ತೊಡಕಾಯಿತು. ಉದ್ದ ಎಷ್ಟಿರಬೇಕೆಂಬುದನ್ನು ಮಾವ ಬಂದ ಮೇಲೆ ನೋಡಿಕೊಳ್ಳೋಣ ಎಂದು ಮೊಣಕೈಯಿಂದ ಒಂಚೂರು ಕೆಳಗೆ ನಿಲ್ಲಿಸಿ, ಕುಣಿಕೆ ಜಾರದಂತೆ ತುದಿಗೆ ದಾರ ಪೋಣಿಸಿ ಎರಡರ ಬಾಯನ್ನೂ ಬಿಗಿದು ಕಟ್ಟಿದೆ.

ಮಾವ ಬರುವ ದಿನ ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಮುಂದಿಡುತ್ತ, "ಒಂದ್ಸಲ ಯಾವುದಾದ್ರೂ ಮನುಷ್ಯರ ಮೈಮೇಲೆ ಹಾಕಿ ನೋಡಿ," ಎಂದಳು.

ಸರಿ, ನಾನೂ ಮನುಷ್ಯನೇ. ಸ್ವೆಟರನ್ನು ತಲೆಯ ಮೇಲಿಂದ ಎಳೆದುಕೊಂಡೆ. ಕೈಗಳು ತೋಳಿನೊಳಗೆ ಹೋದವು, ತುದಿ ಕಟ್ಟಿದ್ದರಿಂದ ಅಲ್ಲೇ ನಿಂತವು. ತಲೆ ಸ್ವೆಟರಿನ ಕತ್ತಿನವರೆಗೆ ಬಂತು. ಕುರ್ಚಿಯ ಗುಂಡಿಗೆ ಸಾಕಾದ ಜಾಗ ನನ್ನ ಕಿವಿಗಳಿಗೆ ಸಾಲಲಿಲ್ಲ. ಎದೆಯ ಹತ್ತಿರ ಉಣ್ಣೆ ಹಿಗ್ಗುವ ಬದಲು ಉಸಿರು ಕುಗ್ಗಿತು. ಎರಡೂ ಕೈ ಮೇಲೆತ್ತಿ, ಶರಣಾದ ಸೈನಿಕನ ಹಾಗೆ, ಕಣ್ಣ ಮುಂದೆ ಹಸಿರು ಕತ್ತಲೆ ಇಟ್ಟುಕೊಂಡು ನಿಂತೆ.

"ಲೇ, ಎಳಿಯೇ!"

"ಯಾವ ಕಡೆಗೆ? ಒಳಗಾ, ಹೊರಗಾ?"

"ಹೊರಗೆ, ಹೊರಗೆ! ಅಯ್ಯೋ, ನನ್ನ ಕಿವಿ!"

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಮಾವ ಹೇಳಿದ ಹೊತ್ತಿಗಿಂತ ಮುಂಚೆಯೇ ಬರುವವರು. ಹೆಂಡತಿ ಒಂದು ಕಾಲನ್ನು ಗೋಡೆಗೆ ಊರಿ ಜಗ್ಗಿದಳು. ಸ್ವೆಟರ್ ಅವಳ ಕೈಗೆ, ನಾನು ನೆಲಕ್ಕೆ. ಅವಳು ಅದನ್ನು ಸರಕ್ಕನೆ ಕುರ್ಚಿಗೆ ತೊಡಿಸಿ ಬಾಗಿಲು ತೆಗೆಯಲು ಓಡಿದಳು. ನಾನು ಕೆಂಪಾದ ಕಿವಿಗಳನ್ನು ತಿಕ್ಕಿಕೊಳ್ಳುತ್ತ ಎದ್ದು ನಿಂತೆ. ಎಲ್ಲ ಮುಗಿಯಿತು, ಈ ಜನ್ಮಕ್ಕೆ ಭೇಷ್ ಇಲ್ಲ ಎಂದುಕೊಂಡೆ.

ಮಾವ ಒಳಗೆ ಬಂದರು. ನನ್ನನ್ನು ನೋಡಿದರು, ಎಡ ಭುಜ ನೋಡಿದರು. ತಮ್ಮ ಕುರ್ಚಿಯ ಕಡೆ ತಿರುಗಿದವರು ಅಲ್ಲೇ ನಿಂತುಬಿಟ್ಟರು.

ಕನ್ನಡಕ ಏರಿಸಿದರು. ಕುರ್ಚಿಯನ್ನು ಒಂದು ಸುತ್ತು ಬಂದರು. ಅಂಚಿನೊಳಗೆ ಬೆರಳು ತೂರಿಸಿ ನೋಡಿದರು. ಕತ್ತಿನ ಗುಂಡಿನ ಸುತ್ತ ಉಗುರಾಡಿಸಿದರು. ಕೊರಳಿನ ಟೇಪು ಕೈಗೆ ಬಂತು. ಭುಜದಿಂದ ಭುಜಕ್ಕೆ, ಮೇಲಿನಿಂದ ಕೆಳಕ್ಕೆ ಹಿಡಿದರು.

"ಯಾರು ಮಾಡಿದ್ದು ಈ ಕುರ್ಚಿ ಕವರು?"

"ಇವರೇ ಅಪ್ಪ," ಎಂದಳು ಹೆಂಡತಿ. "ಕುರ್ಚಿ ಮೇಲೆ ಹಿಡ್ದು ಹಿಡ್ದು, ಅದರ ಅಳತೆಗೇ ಹೆಣೆದದ್ದು." ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

"ಎಲ್ಲೂ ಒಂದು ಸುಕ್ಕಿಲ್ಲ! ಈ ಗುಂಡಿಗೆ ಕೂಡ ಲೆಕ್ಕವಾಗಿ ಜಾಗ ಬಿಟ್ಟಿದೀರಿ. ಪಕ್ಕಕ್ಕೆ ಎರಡು ಚೀಲ ಬೇರೆ! ಕನ್ನಡಕದ ಡಬ್ಬಿಗೊಂದು, ಪೇಪರಿಗೊಂದು. ತಲೆ ಇದ್ದವರ ಕೆಲಸ." ಹೀಗೆಂದು ಒಂದು ತೋಳಿನೊಳಗೆ ಕನ್ನಡಕದ ಡಬ್ಬಿಯನ್ನು ಇಳಿಬಿಟ್ಟರು. ಕಟ್ಟಿದ ತುದಿಯಲ್ಲಿ ಅದು ಭದ್ರವಾಗಿ ಕೂತಿತು. ಆಮೇಲೆ ನನ್ನ ಭುಜದ ಮೇಲೆ, ಅದೇ ಇಳಿದ ಎಡ ಭುಜದ ಮೇಲೆ, ಕೈಯಿಟ್ಟು ಹೇಳಿದರು: "ಭೇಷ್, ಅಳಿಯಂದ್ರೇ!"

ನಿಜ ಹೇಳೋಣವೆಂದು ಬಾಯಿ ತೆರೆದೆ, ದೇವರಾಣೆ. ಆದರೆ ಇಷ್ಟು ವರ್ಷ ಕಾದ ಮಾತು ಕಿವಿಯಲ್ಲಿನ್ನೂ ಬಿಸಿಯಾಗಿತ್ತು. "ಏನೋ, ನಿಮ್ಮ ಆಶೀರ್ವಾದ," ಎಂದುಬಿಟ್ಟೆ.

ಮಾವ ನಿಟ್ಟುಸಿರು ಬಿಟ್ಟು ಕೂತರು. "ಸತ್ಯ ಹೇಳ್ತೀನಿ. ಇವರು ಬಣ್ಣಬಣ್ಣದ ದಾರದಲ್ಲಿ ಏನೋ ಹೆಣೀತಿದಾರೆ ಅಂತ ಮಗಳು ಫೋನಲ್ಲಿ ಅಂದಾಗ ನನಗೆ ಜೀವವೇ ಬಾಯಿಗೆ ಬಂದಿತ್ತು. ಎಲ್ಲಿ ನನಗೇ ಸ್ವೆಟರ್ ಮಾಡಿ, ತೊಟ್ಕೊಂಡು ಓಡಾಡಿ ಅಂತಾರೋ ಅಂತ. ಈ ವಯಸ್ಸಿಗೆ ಅದೊಂದು ಬಾಕಿ ಇತ್ತು. ಸದ್ಯ, ಬದುಕಿದೆ!"

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಬರುವಾಗ ಕೈಯಲ್ಲೊಂದು ಬೂದಿ ಬಣ್ಣದ ಸ್ವೆಟರ್. ಮಾವ ತೊಟ್ಟರು. ಹೊಟ್ಟೆಯ ಮೇಲೂ ಸರಾಗವಾಗಿ ಇಳಿದು, ಮಣಿಕಟ್ಟಿನಲ್ಲಿ ಸರಿಯಾಗಿ ನಿಂತಿತು.

ನಾನು ಅವಳನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದೆ: "ಇದು ಯಾವಾಗ ಹೆಣೆದೆಯೇ?"

"ನೀವು ಕುರ್ಚಿ ಸುತ್ತ ಪ್ರದಕ್ಷಿಣೆ ಹಾಕ್ತಿದ್ರಲ್ಲ, ಆಗ."

"ಅಳತೆ?"

"ಫೋನ್ ಮಾಡಿ ಕೇಳಿದೆ."

ಹೊರಗಿನಿಂದ ಮಾವನ ಗಟ್ಟಿ ದನಿ: "ಮಗಳೇ, ಇನ್ಮೇಲೆ ಮನುಷ್ಯರಿಗೆ ನೀನು ಹೆಣಿ. ಕುರ್ಚಿಗಳನ್ನ ಅಳಿಯಂದ್ರಿಗೆ ಬಿಡು. ಪಾಪ, ಮಿಕ್ಕಿದ ಕುರ್ಚಿಗಳು ಬರೀ ಮೈಲಿ ನಿಂತಿವೆ. ನಾನೇ ಅಳತೆ ಹಿಡ್ಕೊಡ್ತೀನಿ. ಎಲ್ಲ ಮುಗಿಸಿಯೇ ಊರಿಗೆ ಹೋಗೋದು!"

ಎರಡು ವಾರ ಯಾವತ್ತೋ ಕಳೆದುಹೋಗಿದೆ. ನಾನು ಅಂಗಡಿಯಿಂದ ಬಂದ ಕೂಡಲೇ ಮಾವ ಟೇಪು ಹಿಡಿದು ನಿಲ್ಲುತ್ತಾರೆ. ಕುಣಿಕೆ ಎಣಿಸುತ್ತಾರೆ. ಒಂದು ಕುಣಿಕೆ ಹೆಚ್ಚಾದರೆ, "ಬಿಚ್ಚಿ" ಎನ್ನುತ್ತಾರೆ. ಬಣ್ಣಕ್ಕೆ ಮಾತ್ರ ಅಡ್ಡಿಯಿಲ್ಲ, ಕುರ್ಚಿಗೆ ಏನಾದರೂ ಒಪ್ಪುತ್ತದಂತೆ. ಹೆಂಡತಿ ಕಾಫಿ ಹಿಡಿದು ಬಂದು, "ಕೈಯ ಅಂದಾಜು ಹೇಗೆ ನಡೀತಿದೆ?" ಎಂದು ವಿಚಾರಿಸಿಕೊಂಡು ಹೋಗುತ್ತಾಳೆ.

ನನಗೇನೂ ಬೇಸರವಿಲ್ಲ. ಒಂದೊಂದು ಕುರ್ಚಿಗೂ ಒಂದೊಂದು ಭೇಷ್ ಸಿಗುತ್ತಿದೆ, ಇಂಥ ಅಳಿಯ ಓಣಿಯಲ್ಲಿ ಇನ್ನೊಬ್ಬನಿಲ್ಲ. ಇರುವ ತೊಂದರೆ ಒಂದೇ. ಕವರು ತೊಡಿಸಿದ ಕುರ್ಚಿಗೆ ಒರಗಿದರೆ ಉಣ್ಣೆ ಸವೆಯುತ್ತದೆಂದು ಮಾವನ ಕಟ್ಟಪ್ಪಣೆ. ಅವರೊಬ್ಬರನ್ನು ಬಿಟ್ಟು ಯಾರೂ ಕೂರುವಂತಿಲ್ಲ. ನಿನ್ನೆ ಕೊನೆಯ ಕುರ್ಚಿಗೂ ತೊಡಿಸಿಯಾಯಿತು. ಇದನ್ನೆಲ್ಲ ನಿಮಗೆ ನೆಲದ ಮೇಲೆ ಕೂತು ಹೇಳುತ್ತಿದ್ದೇನೆ. ಮಾವ ಟೇಪು ಬಿಚ್ಚಿಕೊಂಡು ಸೋಫಾದ ಕಡೆ ಹೋಗುತ್ತಿದ್ದಾರೆ.