ಮ್ಯಾಟ್ರಿಕ್ಕಿಗೆ ಜರ್ಮನ್ ತಗೊಂಡ ಫಜೀತಿ

ನಮ್ಮ ಮನೆಯಲ್ಲಿ ಅಳಬೇಕೆಂದು ಕೂತಾಗಲೆಲ್ಲ ಏನಾದರೊಂದು ನಗುವಂಥದ್ದು ನಡೆದುಹೋಗುತ್ತದೆ. ಇದು ಇಂದು ನಿನ್ನೆಯದಲ್ಲ, ನಾನು ಹುಬ್ಬಳ್ಳಿಯಲ್ಲಿ ಮ್ಯಾಟ್ರಿಕ್ ಓದುತ್ತಿದ್ದಾಗಿನಿಂದಲೂ ಹೀಗೇ. ಆಗ ಕಾಲೇಜಿಗೆ ಹೋಗಬೇಕೆಂದರೆ ಮ್ಯಾಟ್ರಿಕ್ಕಿನಲ್ಲಿ ಕನ್ನಡ, ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆ ಕಡ್ಡಾಯವಾಗಿತ್ತು. ಸಂಸ್ಕೃತ, ಪಾರಸಿ, ಅರ್ಧಮಾಗಧಿ, ಫ್ರೆಂಚ್, ಜರ್ಮನ್, ಯಾವುದಾದರೂ ನಡೆಯುತ್ತಿತ್ತು. ನಮ್ಮಪ್ಪ ಅರಳೆ ಗಿರಣಿಯಲ್ಲಿ ಅಂಡಿಗೆ, ಅಂದರೆ ಅರಳೆಯ ಮೂಟೆ, ಹೊರುವ ಕೂಲಿ. ನಮ್ಮದು ಊರು ಮುಟ್ಟಿಸಿಕೊಳ್ಳದ ಕೇರಿ. ಅಲ್ಲಿಂದ ಇಂಗ್ಲಿಷ್ ಸಾಲೆಯ ಮೆಟ್ಟಿಲು ಹತ್ತಿದವನು ನಾನೇ ಮೊದಲು.

೧. ಹಾಜರಿ

ಎಲ್ಲರಂತೆ ನಾನೂ ಮೊದಲು ಸಂಸ್ಕೃತವನ್ನೇ ತೆಗೆದುಕೊಂಡೆ. ಸರಕಾರದ ಹುಕುಂ ಇದ್ದುದರಿಂದ ಸಂಸ್ಕೃತದ ಶಾಸ್ತ್ರಿಗಳಿಗೆ ನನ್ನನ್ನು ಬೇಡವೆನ್ನಲು ಬರುವಂತಿರಲಿಲ್ಲ. ಅವರು ಬಹಳ ಮೃದು ಮಾತಿನವರು. "ಒಳಗ ಶೆಕಿ ಭಾಳ ಅದನಪಾ. ನೀ ಕಿಡಕಿ ಹೊರಗ ಕಟ್ಟಿ ಮ್ಯಾಲೆ ಕೂಡು, ಗಾಳಿ ಬರ್ತದ," ಅಂದರು. ಚಳಿಗಾಲ ಬಂದರೂ ಆ ಶೆಕೆ ಹೋಗಲಿಲ್ಲ. ನಾನು ಕಿಟಕಿಯ ಹೊರಗೆ ಕೂತು ರಾಮಃ ರಾಮೌ ರಾಮಾಃ ಕಲಿತೆ. ಮಳೆ ಬಂದ ದಿನ ಪುಸ್ತಕವನ್ನು ಅಂಗಿಯೊಳಗೆ ಇಟ್ಟುಕೊಂಡು, ಕೇಳಿದ್ದನ್ನಷ್ಟೇ ಬಾಯಿಪಾಠ ಮಾಡುತ್ತಿದ್ದೆ.

ವರ್ಷದ ಕೊನೆಗೆ ಹೆಡ್‌ಮಾಸ್ತರರು ಕರೆದು, ಸಂಸ್ಕೃತದಲ್ಲಿ ನನ್ನದು ಒಂದು ದಿನದ ಹಾಜರಿಯೂ ಇಲ್ಲ, ಹೆಸರು ತೆಗೆಯಬೇಕಾಗುತ್ತದೆ ಅಂದರು. ನಾನು ಶಾಸ್ತ್ರಿಗಳ ಹತ್ತಿರ ಓಡಿದೆ.

"ಗುರುಗಳೇ, ನಾ ದಿನಾ ಬಂದೇನಲ್ರಿ."

"ಬಂದೀ, ಖರೇ. ನಾ ಇಲ್ಲ ಅನ್ನೂದಿಲ್ಲ," ಅಂದರು ಶಾಸ್ತ್ರಿಗಳು ಅಷ್ಟೇ ಮೃದುವಾಗಿ. "ಆದ್ರ ವರ್ಗದಾಗ ಎಲ್ಲಿದ್ದೀ? ಒಳಗ ಇಲ್ಲದವಗ ಹಾಜರಿ ಹಾಕಿದ್ರ ಸುಳ್ಳು ಬರದಂಗ ಆಗ್ತದ. ಸುಳ್ಳು ಬರಿಯೂದು ನನ್ನ ಕೈಲೆ ಆಗೂದಿಲ್ಲಪಾ."

೨. ಕ್ರಿಯಾಪದ

ಆಗ ಅಪ್ಪ ನನ್ನನ್ನು ಊರಿನ ಮಿಶನ್ನಿನಲ್ಲಿದ್ದ ಒಬ್ಬ ಜರ್ಮನ್ ಪಾದ್ರಿಯವರ ಬಂಗಲೆಗೆ ಕರೆದುಕೊಂಡು ಹೋದ. ಪಾದ್ರಿಯವರು ಮುದುಕರು, ಕನ್ನಡವನ್ನು ಹಳೆಯ ಗ್ರಂಥದಿಂದ ಕಲಿತವರು. "ಒಳಗೆ ಬರೋಣವಾಗಲಿ, ಕುಳಿತುಕೊಳ್ಳೋಣವಾಗಲಿ," ಅಂದರು. ಅಪ್ಪನಿಗೆ ಅದುವರೆಗೆ ಯಾರೂ ಕುರ್ಚಿ ತೋರಿಸಿರಲಿಲ್ಲ. ಅವನು ಬಾಗಿಲಲ್ಲೇ ನಿಂತು, ಮನಸ್ಸಿನಲ್ಲಿದ್ದುದನ್ನು ಕೇಳಿಯೇ ಬಿಟ್ಟ.

"ಸಾಹೇಬ್ರ, ಹುಡುಗನ್ನ ನಿಮ್ಮ ಧರ್ಮಕ್ಕ ತಗೋತೀರೇನ್ರಿ?"

"ಮೊದಲು ಇವನಿಗೆ ಕ್ರಿಯಾಪದಗಳು ಬರಲಿ. ಆತ್ಮದ ಮಾತು ಆಮೇಲೆ," ಅಂದರು ಪಾದ್ರಿಯವರು.

ಕ್ರಿಯಾಪದಗಳು ಎಷ್ಟಿದ್ದವೆಂದರೆ ಆತ್ಮದ ಸರದಿ ಬರಲೇ ಇಲ್ಲ. ದಿನಾ ಸಂಜೆ ಹೋಗುತ್ತಿದ್ದೆ, ಕುರ್ಚಿಯ ಮೇಲೆ ಕೂತು ಓದುತ್ತಿದ್ದೆ. ಮನೆಯಲ್ಲಿ "ಡೆರ್, ಡೀ, ಡಾಸ್" ಎಂದು ಗಟ್ಟಿಮಾಡುವಾಗ ನಮ್ಮಜ್ಜಿ, ಕಿವಿ ಮಂದ, ದಾಸರ ಪದ ಹೇಳುತ್ತಿದ್ದಾನೆಂದು ಕೈಮುಗಿಯುತ್ತಿದ್ದಳು.

ಜರ್ಮನ್ ಭಾಷೆಯಲ್ಲೂ ಎಷ್ಟೋ ಕಡೆ ನಮ್ಮ ಕನ್ನಡದಂತೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಎಂದು ಒಂದು ದಿನ ಅಪ್ಪನಿಗೆ ಹೇಳಿದೆ. ಅದಕ್ಕೆ ಅಪ್ಪ ಅಂದ: "ಹಂಗಾದ್ರ ಅವರ ಮಾಲಕರೂ ನಮ್ಮ ಮಾಲಕರಂಗ. ಮಾತು ಮುಗಿಯೂಮಟ ಇಟಗೋತಾರೋ ತಗಿತಾರೋ ತಿಳಿಯೂದಿಲ್ಲ."

೩. ಠಾಣೆ

ನಾನು ಮ್ಯಾಟ್ರಿಕ್ ವರ್ಷಕ್ಕೆ ಬಂದಾಗ ಜರ್ಮನಿಯ ವಿರುದ್ಧ ಎರಡನೇ ಮಹಾಯುದ್ಧ ಶುರುವಾಯಿತು. ಪೊಲೀಸರು ಬಂದು, ಶತ್ರುದೇಶದವರು ಎಂದು ಪಾದ್ರಿಯವರನ್ನು ಕರೆದುಕೊಂಡು ಹೋದರು. ದೂರದ ಯಾವುದೋ ಬಂಧನ ಶಿಬಿರದಲ್ಲಿ ಇಟ್ಟಿದ್ದಾರೆಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಪರೀಕ್ಷೆಯ ಅರ್ಜಿ ಹೋಗಿಬಿಟ್ಟಿತ್ತು, ಭಾಷೆ ಬದಲಿಸುವಂತಿರಲಿಲ್ಲ. ಗುರುವಿಲ್ಲ, ಇದ್ದುದು ಅವರು ಕೊಟ್ಟ ಒಂದು ವ್ಯಾಕರಣ ಪುಸ್ತಕ.

ಅದನ್ನು ಹುಡುಕಿಕೊಂಡು ಪೊಲೀಸ್ ಠಾಣೆಯ ಫೌಜದಾರರು ನಮ್ಮ ಕೇರಿಗೆ ಬಂದರು.

"ಏನ್ ಕಲಿಸಿದ್ದ ಆ ಪಾದ್ರಿ? ಅಂದು ತೋರಸು."

"ಇಷ್ ಬಿನ್, ಡು ಬಿಸ್ಟ್, ಎರ್ ಇಸ್ಟ್ ರೀ."

"ಹಂಗಂದ್ರ?"

"ನಾ ಅದೇನಿ, ನೀ ಅದೀ, ಅಂವ ಅದಾನ, ಅಂತ್ರಿ."

"ಅಂವ ಅಂದ್ರ ಯಾಂವ?"

"ಯಾರೂ ಅಲ್ರಿ. ವ್ಯಾಕರಣದಾಗ ಹಂಗ ಇರತೈತ್ರಿ."

ಫೌಜದಾರರು ಜಮಾದಾರನ ಕಡೆಗೆ ತಿರುಗಿದರು. "ಮೂರನೇದಂವ ಒಬ್ಬ ಅದಾನ, ಹೆಸರು ಹೇಳವೊಲ್ಲ ಅಂತ ಬರಕೋ." ಪುಸ್ತಕ ಜಪ್ತಿಯಾಯಿತು.

ಆ ವಾರವೇ ಗಿರಣಿಯ ಮಾಲಕರು ಅಪ್ಪನನ್ನು ಕರೆದು, "ನಿನ ಮಗ ಆ ಭಾಷಾ ಬಿಡೂಮಟ ಈ ಕಡೆ ಬರಬ್ಯಾಡ. ನಮ್ಮ ಅರಳಿ ಮಿಲಿಟರಿಗೆ ಹೋಗತೈತಿ," ಅಂದರು. ಅಪ್ಪ ಇದನ್ನು ನನಗೆ ಹೇಳಲಿಲ್ಲ. ದಿನಾ ಹೊತ್ತಿಗೆ ಸರಿಯಾಗಿ ಮನೆ ಬಿಟ್ಟು, ಸ್ಟೇಷನ್ನಿನ ಹೊರಗೆ ಸಿಕ್ಕ ಹೊರೆ ಹೊರುತ್ತಿದ್ದ. ಗಿರಣಿಯಿಂದ ಬಂದೆನೆನ್ನುವವನ ಮೈಮೇಲೆ ಅರಳೆಯ ಎಳೆ ಇರದಿದ್ದುದನ್ನು ಕಂಡು ಅವ್ವನೇ ಕಂಡುಹಿಡಿದಳು. ನಾನು ಓದು ಬಿಡುತ್ತೇನೆಂದೆ. ಅಪ್ಪ ತಲೆ ಎತ್ತಲಿಲ್ಲ. "ನೀ ಬಿಟ್ಟಿ ಅಂದ್ರ ನನ್ನ ಕೆಲಸಾನೂ ಸುಮ್ಮನ ಹೋದಂಗ ಆತು," ಅಂದ.

ಮರುದಿನ ಅವನೇ ನನ್ನನ್ನು ಠಾಣೆಗೆ ಕರೆದುಕೊಂಡು ಹೋಗಿ ಪುಸ್ತಕ ಕೇಳಿದ.

"ಜಪ್ತಿ ಆದ ಮಾಲು ಠಾಣೆ ಬಿಟ್ಟು ಹೊರಗ ಹೋಗಂಗಿಲ್ಲ," ಅಂದರು ಫೌಜದಾರರು.

"ಮಾಲು ಹೊರಗ ಬರದಿದ್ರ ಬ್ಯಾಡ್ರಿ. ಹುಡುಗ ಒಳಗ ಬರತಾನ," ಅಂದ ಅಪ್ಪ.

ಹುಡುಗ ಠಾಣೆಯೊಳಗೆ ಬರಬಾರದೆಂದು ಯಾವ ಕಾಯಿದೆಯಲ್ಲೂ ಇರಲಿಲ್ಲ, ಫೌಜದಾರರು ಬೆಂಚು ತೋರಿಸಿದರು. ಹೀಗೆ ನಾನು ಸಾಲೆ ಬಿಟ್ಟ ಮೇಲೆ ಠಾಣೆಗೆ ಹೋಗಿ, ಲಾಕಪ್ಪಿನ ಎದುರು ಬೆಂಚಿನ ಮೇಲೆ ಕೂತು ಜರ್ಮನ್ ಓದತೊಡಗಿದೆ. ಅವ್ವನಿಗೆ ಮಾತ್ರ ಓಣಿಯಲ್ಲಿ ತಲೆ ಎತ್ತುವುದು ಕಷ್ಟವಾಯಿತು. "ಏನ್ ಮಾಡಿದನ ನಿನ ಮಗಾ? ದಿನಾ ಠಾಣೆದಾಗ ಇರತಾನಲ್ಲ," ಎಂದು ಕೇಳಿದರೆ "ಓದಾಕತ್ತಾನ" ಅನ್ನುತ್ತಿದ್ದಳು. ಯಾರೂ ನಂಬುತ್ತಿರಲಿಲ್ಲ.

ಲಾಕಪ್ಪಿನಲ್ಲಿ ಒಬ್ಬ ಜೇಬುಗಳ್ಳನಿದ್ದ. ಗಟ್ಟಿಯಾಗಿ ಓದುತ್ತಾ ನಾನು ಎಲ್ಲಾದರೂ ತಡವರಿಸಿದರೆ ಕಂಬಿಯ ಹಿಂದಿನಿಂದ ಮುಂದಿನ ರೂಪ ಹೇಳಿಕೊಡುತ್ತಿದ್ದ. ಬೇರೆ ಊರಿಗೆ ಸಾಗಿಸುವ ದಿನ ಫೌಜದಾರರ ಎದುರು ಕೈಮುಗಿದು ನಿಂತ. "ಸಾಹೇಬ್ರ, ಕಳವು ಬೇಕಾದ್ರ ಒಪ್ಪಕೋತೇನ್ರಿ. ಜರ್ಮನ್ ಬರತೈತಿ ಅಂತ ಮಾತ್ರ ಬರೀಬ್ಯಾಡ್ರಿ. ಊರಾಗ ಮಕ್ಕಳದಾರ."

೪. ಕಾಲೇಜು

ಪರೀಕ್ಷೆಯನ್ನು ಧಾರವಾಡದಲ್ಲಿ ಬರೆದೆ, ಪಾಸಾದೆ. ಜರ್ಮನ್ನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರ್ಕು ಬಂದಿದ್ದವು. ಅಪ್ಪನೂ ನಾನೂ ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ರೈಲು ಹತ್ತಿ ಧಾರವಾಡದ ಒಂದು ಕಾಲೇಜಿಗೆ ಹೋದೆವು. ಕಾರಕೂನರು ಮಾರ್ಕು ನೋಡಿ ಖುಷಿಪಟ್ಟರು. ಆಮೇಲೆ ಪೆನ್ನು ಕೆಳಗಿಟ್ಟರು.

"ಕಾಲೇಜಿನ್ಯಾಗೂ ಎರಡನೇ ಭಾಷಾ ಬೇಕಲ್ಲಪಾ. ಜರ್ಮನ್ ಇಲ್ಲೆ ಕಲಸೂದಿಲ್ಲ. ಪುಣೆಕ್ಕ ಹೋಗು."

ಪುಣೆಗೆ ಹೋಗುವ ಶಕ್ತಿ ನಮಗೆ ಎಲ್ಲಿಂದ ಬರಬೇಕು? ಮಾಳಮಡ್ಡಿಯ ರಸ್ತೆ ಹಿಡಿದು ವಾಪಸು ನಡೆದೆವು. ಸ್ಟೇಷನ್ನಿಗೆ ಬಂದ ಮೇಲೆ ಅಪ್ಪ, "ಅದನ್ನ ಬಿಟ್ಟು ಬ್ಯಾರೆ ಯಾವದರೆ ಕಲಿ. ಆದ್ರ ಕಲಸಾವ್ರನ್ನ ಪೊಲೀಸರು ಹಿಡಕೊಂಡ ಹೋಗದಂಥಾದ್ದು ನೋಡು," ಅಂದ.

ಒಂದು ವರ್ಷ ಅಪ್ಪನ ಜೊತೆ ನಾನೂ ಹೊರೆ ಹೊತ್ತೆ. ಬಿಡುವಾದಾಗ ಕೂತು ಅರ್ಧಮಾಗಧಿ ಕಲಿತು, ಮುಂದಿನ ವರ್ಷ ಅದೇ ಕಾಲೇಜು ಸೇರಿದೆ. ಆ ಭಾಷೆಯಾಡುವ ದೇಶ ಯಾವುದೂ ಇಲ್ಲ, ಆಡಿದವರು ಸತ್ತು ಸಾವಿರಾರು ವರ್ಷವಾಗಿತ್ತು. ಅಪ್ಪನಿಗೆ ಬಹಳ ಸಮಾಧಾನವಾಯಿತು.

೫. ಸುದ್ದಿ

ಕಾಲೇಜಿನ ಮಾತು ಮೊದಲೇ ಹೇಳಿಬಿಟ್ಟೆ. ಅದಕ್ಕಿಂತ ಮುಂಚೆ, ಫಲಿತಾಂಶ ಬಂದ ದಿನದ್ದೊಂದು ಉಳಿದಿದೆ. ಅವತ್ತೇ ನಾನು ಮಿಶನ್ನಿನವರಿಂದ ವಿಳಾಸ ಕೇಳಿಕೊಂಡು, ಶಿಬಿರದಲ್ಲಿದ್ದ ಪಾದ್ರಿಯವರಿಗೆ, ಪಾಸಾದೆ ಎಂದು ಜರ್ಮನ್ನಿನಲ್ಲಿ ಒಂದೇ ಸಾಲಿನ ಕಾರ್ಡು ಹಾಕಿದೆ. ಕೆಲವು ದಿನಕ್ಕೆ ಫೌಜದಾರರು ಆ ಕಾರ್ಡು ಹಿಡಿದುಕೊಂಡು ಬಂದರು. ಶಿಬಿರಕ್ಕೆ ಶತ್ರುಭಾಷೆಯಲ್ಲಿ ಬರೆಯುವಂತಿರಲಿಲ್ಲವಂತೆ. ಆದರೆ ಅವತ್ತು ಅವರು ಗದರಿಸಲಿಲ್ಲ. ಠಾಣೆಯಲ್ಲಿ ಓದಿದ ಹುಡುಗ ಪಾಸಾದನೆಂದು ಅವರಿಗೂ ಒಳಗೊಳಗೆ ಅಭಿಮಾನ.

"ಇಂಗ್ಲಿಷಿನ್ಯಾಗ ನಾನ ಬರದು ಹಾಕತೇನಿ. ನನ್ನ ಕೈ ಬರಹ ಅಂದ್ರ ಯಾರೂ ತಡಿಯೂದಿಲ್ಲ," ಎಂದು ಹೇಳಿ ಹೋದರು.

ಮಳೆಗಾಲ ಕಳೆದ ಮೇಲೆ ಅಪ್ಪನ ಹೆಸರಿಗೆ ಪಾದ್ರಿಯವರ ಪತ್ರ ಬಂತು. ಕನ್ನಡದಲ್ಲಿತ್ತು. ಅಪ್ಪನಿಗೆ ಓದಲು ಬರದು. ಅವ್ವ ಒಲೆ ಬಿಟ್ಟು ಬಂದು ಕೂತಳು, ನಾನೇ ಗಟ್ಟಿಯಾಗಿ ಓದಿದೆ.

"ನಿಮ್ಮ ಮಗನ ಮರಣವಾರ್ತೆಯು ಇಲ್ಲಿಗೆ ಮುಟ್ಟಿತು. ನಾನು ಮೂರು ದಿನ ಊಟ ಮಾಡಲಾರದೆ ಹೋದೆನು. ಇಲ್ಲಿರುವವರೆಲ್ಲರೂ ಕೂಡಿ ಅವನಿಗೋಸ್ಕರ ಪ್ರಾರ್ಥನೆ ಮಾಡಿದೆವು. ಅವನು ಸತ್ಯವಂತನು. ಅವನಂಥ ಬುದ್ಧಿವಂತನಾದ ಶಿಷ್ಯನು ನನಗೆ ಜರ್ಮನಿಯಲ್ಲಿಯೂ ಸಿಕ್ಕಿರಲಿಲ್ಲ. ಇಂಥವನನ್ನು ಹೆತ್ತ ನೀವು ಧನ್ಯರು."

ನಾನು ಪತ್ರವನ್ನು ಅಪ್ಪನ ಕೈಗೆ ಕೊಟ್ಟೆ. ಏನೋ ಗೊಂದಲವಾಗಿದೆಯೆಂದು ಠಾಣೆಗೆ ಓಡಿದೆ. ಫೌಜದಾರರು ತಾವು ಬರೆದದ್ದನ್ನು ಅಭಿಮಾನದಿಂದಲೇ ಹೇಳಿದರು. ಹುಡುಗ 'ಪಾಸ್ಡ್' ಎಂದಷ್ಟೇ ಬರೆದರೆ ಬರಿದಾಗಿ ಕಾಣುತ್ತದೆ, ಸಾಲೆ ಮುಗಿಸಿ ಹೊರಗೆ ಹೋದ ಎಂಬುದೂ ತಿಳಿಯಲಿ ಎಂದು 'ಪಾಸ್ಡ್ ಅವೇ' ಎಂದು ಸೇರಿಸಿದ್ದರು. ಇಂಗ್ಲಿಷಿನಲ್ಲಿ ಹಾಗೆಂದರೆ ತೀರಿಹೋದ ಎಂದರ್ಥ.

ಮನೆಗೆ ಬಂದು ಎಲ್ಲ ಹೇಳಿದೆ. ಅವ್ವ ಪದೇ ಪದೇ ನನ್ನ ತಲೆ ಮುಟ್ಟಿ ನೋಡಿದಳು. ಪಾಪ, ಆ ಮುದುಕರು ಎಷ್ಟು ನೊಂದಿರಬೇಕು, ಬದುಕಿದ್ದೇನೆಂದು ಈಗಲೇ ಬರೆಯುತ್ತೇನೆ ಎಂದು ನಾನು ಕಾಗದ ಹುಡುಕತೊಡಗಿದೆ. ಅಪ್ಪ ಪತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಇದ್ದ.

"ಬರದಿಯಂತ, ತಡಿ," ಅಂದ. "ನೀ ಜೀವಂತ ಇದ್ದಾಗ ಈ ಊರಾಗ ಒಬ್ಬರೂ ನಿನ್ನ ಬಗ್ಗೆ ಇಷ್ಟು ಛಲೋ ಮಾತು ಅಂದಿದ್ದಿಲ್ಲ. ಇನ್ನೊಮ್ಮೆ ಓದು."