ತಟ್ಟೆಯಲ್ಲಿ ಟಿಣ್

ಕೆರೆಯಂಚಿನ ಬೇಟೆ ಗುಡಿಸಲಿನಲ್ಲಿ ಒಂದು ಸ್ಟೂಲು ಖಾಲಿಯಾದದ್ದೇ ಎಲ್ಲ ಅನಾಹುತಕ್ಕೂ ಮೂಲ. ಅದರ ಮೇಲೆ ಕೂರುತ್ತಿದ್ದ ನೈಜಲ್‌ನ ಚಿಕ್ಕಮಾವ ಮಂಡಿನೋವೆಂದು ಬೆಚ್ಚಗಿನ ಊರಿಗೆ ಹೊರಟುಹೋಗಿದ್ದ. ದೇಶದ ದಕ್ಷಿಣ ತುದಿಯ ಸೌತ್‌ಲ್ಯಾಂಡಿನಲ್ಲಿ ಮೇ ತಿಂಗಳ ಮೊದಲ ಶನಿವಾರ, ಬಾತುಬೇಟೆ ಶುರುವಾಗುವ ದಿನ, ಅಂಥದೊಂದು ಸ್ಟೂಲಿಲ್ಲದವನು ಗಂಡಸರ ಲೆಕ್ಕಕ್ಕೇ ಬರುವುದಿಲ್ಲ. ನೈಜಲ್ ಮದುವೆಯಾದಂದಿನಿಂದ ಲೆಕ್ಕಕ್ಕೆ ಬಂದಿರಲಿಲ್ಲ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಈ ಆಕ್ಲೆಂಡ್ ಅಳಿಯನಿಗೆ ಸಿಕ್ಕಿದ್ದು ಶೆಡ್ಡಿನಲ್ಲಿ ಪುಕ್ಕ ಕೀಳುವ ಕೆಲಸ, ಅದು ಮುಗಿದರೆ ಒಲೆಯ ಮುಂದೆ ನಿಲ್ಲುವ ಕೆಲಸ.

“ಸ್ಟೂಲು ಬೇಕಾ ಅಳಿಯಂದ್ರೇ?” ಎಂದ ಮಾವ ಹ್ಯಾಮಿಶ್. “ನೀನೇ ಹೊಡೆದಿದ್ದೊಂದು ಬಾತು ಇವತ್ತು ರಾತ್ರಿ ಊಟಕ್ಕಿಡು. ತಟ್ಟೇಲಿ ಟಿಣ್ ಅಂದ್ರೆ ಸ್ಟೂಲು ನಿಂದು.”

ಟಿಣ್ ಎನ್ನುವುದು ಮಾಂಸದಲ್ಲಿ ಉಳಿದುಹೋದ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು. ಅಗಿಯುವಾಗ ಹಲ್ಲಿಗೆ ಸಿಕ್ಕಿದ್ದನ್ನು ತಟ್ಟೆಗೆ ಉಗುಳಬೇಕು, ಅದು ಟಿಣ್ ಎನ್ನಬೇಕು, ಎಲ್ಲರೂ ಹೋ ಎಂದು ಕೂಗಬೇಕು. ಚರೆ ಸಿಗದ ಬಾತನ್ನು ಆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ನೈಜಲ್ ದಂಡೆಯ ಕೆಸರಿನಲ್ಲಿ ಕೂತು ತನ್ನ ತೋಟಾಗಳನ್ನೆಲ್ಲ ಖಾಲಿ ಮಾಡಿದ. ಸತ್ತದ್ದು ಹಕ್ಕಿಗಳನ್ನು ಸೆಳೆಯಲೆಂದು ನೀರಿನಲ್ಲಿ ತೇಲಿಬಿಟ್ಟಿದ್ದ ಮಾವನ ಪ್ಲಾಸ್ಟಿಕ್ ಬಾತು ಒಂದೇ.

“ಊರೋರಿಗೆಲ್ಲ ಕಣ್ಣು ಪರೀಕ್ಷೆ ಮಾಡ್ತೀಯಲ್ಲಪ್ಪ, ನಿಂದೂ ಒಂದ್ಸಲ ಮಾಡ್ಕೊ,” ಎಂದು ಗುಡಿಸಲಿನೊಳಗಿಂದ ಹ್ಯಾಮಿಶ್ ಕೂಗಿದ. ಮಧ್ಯಾಹ್ನಕ್ಕೆ ತನ್ನ ಬಾತುಗಳನ್ನು ಹೆಗಲಿಗೇರಿಸಿ ಮನೆಯ ಕಡೆ ನಡೆದ. “ಬರೋವಾಗ ಫ್ಲಾಸ್ಕು ತಗೊಂಡ್ ಬಾ.”

ನೈಜಲ್ ಬೇಲಿ ಹಾರಿ ಪಕ್ಕದ ಫಾರ್ಮಿನ ಎಫಿ ಅಜ್ಜಿಯ ಕಾಲಿಗೆ ಬಿದ್ದ. ಆಕೆ ಬಾತು ಸಾಕುತ್ತಿದ್ದಳು, ಊರಿನವರ ಗುಟ್ಟನ್ನೂ.

“ಅಯ್ಯೋ ಪಾಪ, ತಗೊಂಡ್ ಹೋಗು. ಇವತ್ತೇ ಕುಯ್ದು ಶುಚಿ ಮಾಡಿಟ್ಟಿದ್ದು,” ಎಂದಳು ಅಜ್ಜಿ. “ಆದ್ರೆ ಮನೇಲಿ ಬೆಳೆದಿದ್ದು, ಮೈತುಂಬ ಕೊಬ್ಬು. ಚರ್ಮ ಸುಲಿದುಬಿಡು, ಇಲ್ಲಾಂದ್ರೆ ನಿನ್ನ ಮಾನ ಹೋಗುತ್ತೆ. ಮೇಲೆ ಪ್ಲಮ್ ಜಾಮ್ ಸವರು. ಅದ್ಸರಿ, ಚರೆಗೇನ್ಮಾಡ್ತೀಯ?”

ನೈಜಲ್ ಜೇಬು ತಡಕಿದ. ಒಂದು ತೋಟಾವೂ ಉಳಿದಿರಲಿಲ್ಲ. ಆದರೆ ಫ್ಲಾಸ್ಕಿಗೆಂದು ಗುಡಿಸಲಿಗೆ ಹೋದವನಿಗೆ ಬೆಂಚಿನ ಕೆಳಗೆ ಹಳೇ ಸ್ವೆಟರ್ ಸುತ್ತಿಟ್ಟ ಡಬ್ಬಿ ಸಿಕ್ಕಿತು, ತುಂಬ ತೋಟಾ. ದೇವರು ದೊಡ್ಡವನು ಎಂದುಕೊಂಡು ಒಂದನ್ನು ಬಿಚ್ಚಿ, ಚರೆಗಳನ್ನು ಚರ್ಮ ಸುಲಿದ ಬಾತಿನ ಎದೆಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದ.

ಮನೆಯಲ್ಲಿ, ಹೋದ ವಾರ ಮಾವ ಹೊಡೆದ ಹೆಬ್ಬಾತಿನ (ಅದಕ್ಕೆ ಸೀಸನ್ನಿನ ಕಟ್ಟಿಲ್ಲ) ತೊಡೆಗಳು ಬೆಳಗಿನಿಂದಲೇ ಬಿಯರಿನಲ್ಲಿ ಬೇಯುತ್ತಿದ್ದವು. ಕಾಡು ಹೆಬ್ಬಾತು ಅವಸರ ಮಾಡಿದರೆ ಚಪ್ಪಲಿಯ ಅಟ್ಟೆಯಾಗುತ್ತದೆ. ಹೆಂಡತಿ ಶೋನಾ ಸ್ವೀಡ್ ಗೆಡ್ಡೆ ಹಿಸುಕುತ್ತ ಅವನು ತಂದ ಬಾತನ್ನು ನೋಡಿದಳು, ಅವನನ್ನೂ ನೋಡಿದಳು.

“ನೀನೇ ಹೊಡೆದೆಯಾ?”

“ಮತ್ತಿನ್ಯಾರು?”

“ಹೆಬ್ಬಾತಿಗಿಂತ ದಪ್ಪ ಇದೆಯಲ್ಲೋ!” ಎಂದವಳು ಮತ್ತೆ ಗೆಡ್ಡೆ ಹಿಸುಕತೊಡಗಿದಳು.

ಊಟಕ್ಕೆ ಮಾವನ ಬಾಲ್ಯದ ಗೆಳೆಯ ವಿರೇಮು ಬಂದಿದ್ದ. ಆ ಭಾಗದ ಬೇಟೆ ತನಿಖೆಯ ಅಧಿಕಾರಿ. ಜಾಮ್ ಸವರಿ ಸುಟ್ಟ ಬಾತಿನ ಮೊದಲ ತುತ್ತಿಗೇ ಅವನಿಗೆ ಚರೆ ಸಿಕ್ಕಿತು. ನೈಜಲ್ ತಟ್ಟೆಯ ಕಡೆಗೇ ಕಿವಿಗೊಟ್ಟ. ವಿರೇಮು ಉಗುಳಿದ.

ಟಿಣ್ ಎನ್ನಲಿಲ್ಲ. ದೊಪ್ ಎಂದಿತು.

ವಿರೇಮು ಅದನ್ನು ಬೆರಳ ತುದಿಗೆ ತೆಗೆದುಕೊಂಡು ಉಗುರೊತ್ತಿದ. ಗುರುತು ಬಿತ್ತು. “ಇದು ಸೀಸ. ನೀರಿನ ಮೇಲೆ ಉಕ್ಕಿನ ಚರೆ ಬಿಟ್ಟು ಬೇರೆ ಹೊಡೆಯಂಗಿಲ್ಲ ಅಂತ ಗೊತ್ತಿಲ್ವಾ ನೈಜಲ್? ಕೋವಿ ತಗೊಂಡ್ ಹೋಗ್ತೀನಿ, ಕೇಸೂ ಹಾಕ್ತೀನಿ. ಊಟ ಮುಗೀಲಿ.”

“ನನ್ನ ಕೆರೇಲಿ ಸೀಸಾನಾ!” ಹ್ಯಾಮಿಶ್ ಮೇಜು ಗುದ್ದಿದ. “ನೀರು ಕೆಡುತ್ತೆ, ಹಕ್ಕಿ ಸಾಯುತ್ತೆ! ನಮ್ಮ ಮನೆತನದಲ್ಲಿ ಇಂಥದು ನಡೆದಿಲ್ಲ. ಬಿಡಬೇಡ ವಿರೇಮು, ಹಾಕು ಕೇಸು!”

ಹೊಡೆದೆ ಎಂದರೆ ಕೋರ್ಟು, ಹೊಡೆದಿಲ್ಲ ಎಂದರೆ ಸ್ಟೂಲಿಲ್ಲ. ನೈಜಲ್ ಕಣ್ಣು ಮುಚ್ಚಿದ.

“ನಾನು ಹೊಡೆದಿಲ್ಲ ಮಾವ. ಇದು ಎಫಿ ಅಜ್ಜಿ ಸಾಕಿದ ಬಾತು. ಚರೆ ನಾನೇ ಕೈಯಾರೆ ತುಂಬಿದ್ದು.”

ನಗು ಹೊತ್ತಿಕೊಂಡಿತು. ಹ್ಯಾಮಿಶ್ ಹೊಟ್ಟೆ ಹಿಡಿದು ಕೆಮ್ಮಿದ. ವಿರೇಮು ಕಣ್ಣೊರೆಸಿಕೊಂಡ. “ಹೋಗ್ಲಿ ಬಿಡು, ಬದುಕ್ಕೊಂಡೆ. ಬಾತೂ ಸೊಗಸಾಗಿದೆ. ಈ ಸೀಸ ಎಲ್ಲಿ ಸಿಕ್ತೋ ಮಾರಾಯ?”

ಗಂಡಾಂತರ ತಪ್ಪಿದ ಖುಷಿಯಲ್ಲಿ ನೈಜಲ್ ಬಾಯಿಬಿಟ್ಟ. “ಮಾವನ ಗುಡಿಸಲಲ್ಲೇ, ಬೆಂಚಿನ ಕೆಳಗೆ. ಡಬ್ಬಿ ತುಂಬ ಇದೆ. ಬೇಕಾ ನಿಮಗೆ?”

ಹ್ಯಾಮಿಶ್‌ನ ನಗು ಅರ್ಧಕ್ಕೇ ನಿಂತಿತು. ವಿರೇಮು ಕೈವಸ್ತ್ರ ಮಡಚಿಟ್ಟು ಎದ್ದ. “ಏಳೋ ಹ್ಯಾಮಿಶ್. ಟಾರ್ಚ್ ತಗೋ.”

ಮುಂದಿನ ಶನಿವಾರ ಹ್ಯಾಮಿಶ್‌ನ ಕೋವಿ ವಿರೇಮುವಿನ ಬೀರುವಿನಲ್ಲಿತ್ತು, ಗುಡಿಸಲಿಗೆ ಬೀಗ ಬಿದ್ದಿತ್ತು. ಶೆಡ್ಡಿನಲ್ಲಿ ನೆರೆಯವರು ಹೊಡೆದು ತಂದ ಬಾತುಗಳ ರಾಶಿಯ ಮುಂದೆ ನೈಜಲ್ ಒಬ್ಬನೇ ನಿಂತು ಪುಕ್ಕ ಕೀಳುತ್ತಿದ್ದ. ಬಾಗಿಲು ಕಿರ್ರೆಂದಿತು. ಒಂದೊಂದು ಕೈಯಲ್ಲಿ ಒಂದೊಂದು ಸ್ಟೂಲು ಹಿಡಿದು ಮಾವ ಒಳಗೆ ಬಂದ. ಎರಡನ್ನೂ ಒತ್ತೊತ್ತಾಗಿ ಇಟ್ಟು, ಒಂದರ ಮೇಲೆ ತಾನು ಕೂತು, ಮಡಿಲಿಗೊಂದು ಬಾತು ಎಳೆದುಕೊಂಡ.

“ಕೇಳಿದ್ಯಲ್ಲ ಸ್ಟೂಲು? ಕೂತ್ಕೊ,” ಎಂದ. “ಸೀಸನ್ ಮುಗಿಯೋವರೆಗೂ ಇಲ್ಲೇ ಇರ್ತೀನಿ. ಅಯ್ಯೋ, ಹಾಗಲ್ಲ ಕಣೋ ಕೀಳೋದು!”