ತಪ್ಪು ಹೇಳಿದವರಿಗೆ ಪೆಪ್ಪರಮೆಂಟ್

ನಮ್ಮ ಸೋದರಮಾವನಂಥ ವಿಜ್ಞಾನಿ ಬಳ್ಳಾರಿಯಲ್ಲಿ ಹಿಂದೆ ಹುಟ್ಟಿರಲಿಲ್ಲ; ಮುಂದೆ ಹುಟ್ಟುವುದು ಊರಿಗೆ ಕ್ಷೇಮವೂ ಅಲ್ಲ. ಅವರು ಕಂಡುಹಿಡಿದದ್ದೇನು ಅಂತೀರಾ? ಏನೂ ಇಲ್ಲ! ಹೊಟ್ಟೆಪಾಡಿಗೆ ತಾಲ್ಲೂಕು ಕಚೇರಿಯ ಗುಮಾಸ್ತಿಕೆ. ಬೇಸಿಗೆ ಬಂತೆಂದರೆ ಓಣಿಯ ಮಕ್ಕಳನ್ನೆಲ್ಲ ಪಡಸಾಲೆಯಲ್ಲಿ ಸೇರಿಸಿ ‘ಸೂಟಿ ಸಾಲಿ’, ಅಂದರೆ ರಜೆಯ ಶಾಲೆ, ನಡೆಸುತ್ತಿದ್ದರು. ಬಿಸಿಲಿಗೆ ಜನ ತಂಪಾದ ಊರು ಹುಡುಕಿಕೊಂಡು ಹೋಗುತ್ತಾರೆ. ನಮ್ಮಪ್ಪ ನನ್ನನ್ನೂ ತಂಗಿಯನ್ನೂ ಕುರುಗೋಡಿನಿಂದ ಬಳ್ಳಾರಿಗೆ ಕಳಿಸುತ್ತಿದ್ದರು!

ಸೂಟಿ ಸಾಲಿಯಲ್ಲಿ ಪುಸ್ತಕವಿಲ್ಲ, ಬೆತ್ತವಿಲ್ಲ. ಇದ್ದದ್ದು ಒಂದೇ ಕಾಯಿದೆ. ಪ್ರಯೋಗಕ್ಕೆ ಮೊದಲು ಏನಾಗುತ್ತದೆಂದು ಎಲ್ಲರೂ ಊಹಿಸಿ ಹೇಳಬೇಕು. ಊಹೆ ತಪ್ಪಿದವರಿಗೆ ಒಂದು ಪೆಪ್ಪರಮೆಂಟ್. ಸರಿ ಹೇಳಿದವರಿಗೆ? ಸೊನ್ನೆ!

“ಸರಿ ಹೇಳಿದಾವಗ ಮೊದಲೇ ಗೊತ್ತಿತ್ತು, ಅವ ಇವತ್ತೇನು ಕಲ್ತ? ತಪ್ಪಿದಾವನ್ನ ನೋಡ್ರಿ, ಹೊಸದೊಂದು ಗಳಿಸಿದ!” ಎನ್ನುತ್ತಿದ್ದರು ಮಾವ.

ಯುದ್ಧದ ಕಾಲ, ಸಕ್ಕರೆಗೆ ರೇಷನ್ನು. ಪೆಪ್ಪರಮೆಂಟಿಗಾಗಿ ನಾವೆಲ್ಲ ನೋಡನೋಡುತ್ತಲೇ ದಡ್ಡರಾದೆವು. ಕಲ್ಲು ತೇಲುತ್ತದೆ ಎಂದೆವು, ಬೆಂಡು ಮುಳುಗುತ್ತದೆ ಎಂದೆವು. ಮಾವ ಕಾಯಿದೆಗೊಂದು ಬಾಲ ಸೇರಿಸಿದರು: ಬೇಕೆಂದೇ ತಪ್ಪು ಹೇಳಿದರೆ ನಡೆಯದು, ಮನಸ್ಸಿನಲ್ಲಿ ನಿಜವಾಗಿ ಹಾಗೇ ಅನ್ನಿಸಿರಬೇಕು. ಅದನ್ನು ಪತ್ತೆಹಚ್ಚಲು ಒಬ್ಬೊಬ್ಬರ ಮುಖವನ್ನೂ ದಿಟ್ಟಿಸುತ್ತಿದ್ದರು. ನನ್ನ ತಂಗಿಯ ಮುಖ ಮಾತ್ರ ಯಾವ ತನಿಖೆಗೂ ಜಗ್ಗಲಿಲ್ಲ.

ಆದರೆ ಪ್ರಾಮಾಣಿಕವಾಗಿ ತಪ್ಪುತ್ತಿದ್ದವರು ಮಾವ ಒಬ್ಬರೇ. ಒಂದು ಮಧ್ಯಾಹ್ನ ನಮ್ಮನ್ನು ಕೋಟೆ ಗುಡ್ಡಕ್ಕೆ ಹತ್ತಿಸಿದರು. “ಈ ಕಲ್ಲಿನ ಮ್ಯಾಲ ಹಪ್ಪಳ ಇಟ್ರ ತಾನೇ ಸುಡ್ತೈತಿ. ಎಣ್ಣಿನೂ ಬ್ಯಾಡ, ಬೆಂಕಿನೂ ಬ್ಯಾಡ!” ಕಾದೆವು, ಕಾದೆವು. ಹಪ್ಪಳ ಹಪ್ಪಳವಾಗಿಯೇ ಉಳಿಯಿತು. ಸುಟ್ಟದ್ದು ನಮ್ಮ ಅಂಗಾಲು. ಮಾವ ವಿಜಯಿಯಂತೆ ಪೆಪ್ಪರಮೆಂಟ್ ಬಾಯಿಗೆ ಹಾಕಿಕೊಂಡರು.

ಇದನ್ನೆಲ್ಲ ಸಹಿಸಿಕೊಂಡವರು ಅವರ ಹೆಂಡತಿ, ನಮ್ಮ ಅತ್ತೆ. ಸಿರುಗುಪ್ಪದವರು. ತವರಿನಿಂದ ಅವರವ್ವ ಕೊಟ್ಟ ಮಣ್ಣಿನ ಹರವಿಯೊಂದಿತ್ತು. ಅದರ ನೀರು ಕುಡಿದರೆ ಹಲ್ಲು ಜುಮ್ಮೆನ್ನುವಷ್ಟು ತಂಪು. ಒಂದು ದಿನ ಅತ್ತೆ ಪೇಟೆಗೆ ಹೋಗಿದ್ದಾಗ ಮಾವನಿಗೆ ಹೊಳೆಯಿತು: ಹರವಿಯ ಮೈಯಿಂದ ತಂಪೆಲ್ಲ ಸೋರಿಹೋಗುತ್ತಿದೆಯಲ್ಲ! ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ನಾವೆಲ್ಲ ಸೇರಿ ಹರವಿಗೆ ದಪ್ಪಗೆ ಬಳಿದೆವು. ಇನ್ನು ನೀರು ಮಂಜುಗಡ್ಡೆಯೇ ಎಂದರು ಮಾವ, ನಮಗೂ, ಸಂಜೆ ಮರಳಿದ ಅತ್ತೆಗೂ.

ಮರುದಿನ ನೀರು ಸ್ನಾನಕ್ಕೆ ಹದವಾಗಿತ್ತು.

“ಆಹಾ, ತಪ್ಪಿದೆ! ಒಳಗಿನ ನೀರು ಒಸರಿ ಆರಿದ್ರೇ ತಂಪು!” ಎಂದು ಕುಣಿದ ಮಾವ ಪೆಪ್ಪರಮೆಂಟ್ ಡಬ್ಬಿಗೆ ಕೈ ಹಾಕಿದರು. ಅಷ್ಟರಲ್ಲಿ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

“ನಮ್ಮವ್ವನ ಹರವಿ ಕೆಡಿಸಿ, ಮ್ಯಾಲ ಪೆಪ್ಪರಮೆಂಟ್ ತಿಂತೀರಲ್ರಿ!”

ಅಷ್ಟೇ. ಸೀರೆ ಗಂಟು ಕಟ್ಟಿಕೊಂಡು ಸಿರುಗುಪ್ಪಕ್ಕೆ ಹೊರಟೇಬಿಟ್ಟರು.

ಅಡುಗೆ ಮಾವನ ಕೈಗೆ ಬಂತು. “ಅನ್ನ ಏನಾಗ್ತೈತಿ, ಹೇಳ್ರಿ?” “ಸೀದ್ಹೋಗ್ತೈತಿ!” ಎಂದೆವು ಒಕ್ಕೊರಲಿನಿಂದ. ಸೀದೇಹೋಯಿತು. ಎಲ್ಲರ ಊಹೆಯೂ ಸರಿ, ಯಾರಿಗೂ ಪೆಪ್ಪರಮೆಂಟಿಲ್ಲ!

“ಮಾಮ, ನೀನೇ ಹೋಗಿ ಅತ್ತಿನ್ನ ಕರ್ಕೊಂಡು ಬಾ,” ಎಂದಳು ತಂಗಿ.

“ಪ್ರಯೋಗ ನಡದಾಗ ನಡುವ ಕೈ ಹಾಕಬಾರ್ದಲೇ!”

ಹಾಗೆಂದ ಮಾವ ಹೋಗಿ ಈಳಿಗೆಯ ಅಂಚಿನಿಂದ ಹರವಿಯ ಬಣ್ಣ ಕೆರೆಯುತ್ತ ಕೂತರು. ಏನಾಗುತ್ತದೆಂದು ನಮ್ಮನ್ನು ಕೇಳಲಿಲ್ಲ. ಊಹೆ ಕೇಳದೆ ಅವರು ಮಾಡಿದ ಕೆಲಸ ಅದೊಂದೇ. ಕೆರೆದು ಕೆರೆದು ಹರವಿ ಸೀಳುಬಿಟ್ಟಿತು. ಸೀಳಿನ ಮೇಲೆ ಬೆರಳಿಟ್ಟುಕೊಂಡು ಕೂತುಬಿಟ್ಟರು.

ತಪ್ಪಿದರೂ ಡಬ್ಬಿಗೆ ಕೈ ಹಾಕದ ಮಾವನನ್ನು ನಾವು ಕಂಡೇ ಇರಲಿಲ್ಲ. ಧೈರ್ಯ ಮಾಡಿ ತಂಗಿಯೇ ಸಾಲೆ ಶುರುಮಾಡಿದಳು: “ಊಹೆ ಹೇಳ್ರಿ! ಅತ್ತಿ ಬರ್ತಾಳೋ, ಇಲ್ಲೋ?”

“ಬರ್ತಾಳ!” ಎಂದು ನಾವೆಲ್ಲ ಕೂಗಿದೆವು.

“ಬರಂಗಿಲ್ಲ,” ಎಂದರು ಮಾವ.

ಅತ್ತೆ ಬಂದದ್ದು ಇದ್ದಿಲಿನ ಬಸ್ಸಿನಲ್ಲಿ. ಪೆಟ್ರೋಲಿಲ್ಲದೆ ಆಗ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಮುಖವೆಲ್ಲ ಮಸಿ, ಕಂಕುಳಲ್ಲಿ ಹೊಸ ಹರವಿ. ಬಸ್ಸೆಲ್ಲಿಂದ ಬಂತು, ಎತ್ತಿನ ಚಕ್ಕಡಿಯಲ್ಲಿ ಬಂದಳಲ್ಲ ಎಂದು ತಂಗಿ ಇವತ್ತಿಗೂ ಆಣೆ ಹಾಕುತ್ತಾಳೆ. ಇರಬಹುದು. ನೆನಪು ಬಹಳ ಓರಣವಾಗಿ ಕಂಡಾಗಲೆಲ್ಲ ನನಗೆ ಗುಮಾನಿ. ನಮ್ಮಿಬ್ಬರಲ್ಲಿ ಒಬ್ಬರಿಗಂತೂ ಒಂದು ಪೆಪ್ಪರಮೆಂಟ್ ಬಾಕಿಯಿದೆ. ಮುಂದಿನದರಲ್ಲಿ ಮಾತ್ರ ನಮಗೆ ಜಗಳವಿಲ್ಲ.

“ಅತ್ತೀ, ನೀ ಬರಂಗಿಲ್ಲ ಅಂದಿದ್ದ ಮಾಮ!” ತಂಗಿ ಹೊಸ್ತಿಲಲ್ಲೇ ಚಾಡಿ ಹೇಳಿದಳು.

ಅತ್ತೆ ಹರವಿ ಇಳಿಸಿದರು. “ಹೌದೇನ್ರಿ? ಖರೇನೇ ಹಂಗ ಅನಿಸಿತ್ತೋ, ಪೆಪ್ಪರಮೆಂಟಿನ ಆಸೆಗೆ ಅಂದ್ರೋ?”

ಮಾವ ಉತ್ತರಿಸಲು ಬಾಯಿ ತೆರೆದರು. ಮಾವ ನಮ್ಮನ್ನು ದಿಟ್ಟಿಸುತ್ತಿದ್ದ ಹಾಗೆಯೇ ಅತ್ತೆ ಅವರ ಮುಖವನ್ನು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ಗೂಡಿನಲ್ಲಿದ್ದ ಡಬ್ಬಿ ತೆಗೆದು, ದಾರಿಯ ಕೊಳೆ ಹತ್ತಿದ ಬೆರಳಿನಿಂದಲೇ, ತೆರೆದ ಆ ಬಾಯಿಗೆ ಒಂದು ಪೆಪ್ಪರಮೆಂಟ್ ಇಟ್ಟರು.